ನಕ್ಷತ್ರದ ಅಂತ್ಯವೂ ವಿಭೂತಿಯೂ

1987ರ ಫೆಬ್ರವರಿ 24ರಂದು, ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿ ಇಯಾನ್ ಶೆಲ್ಟನ್ ಎಂಬವರು ನೆರೆಯ ಕಿರುಗೆಲಾಕ್ಸಿಯಾದ ದೊಡ್ಡ ಮೆಗಲ್ಲಾನಿಕ್ ಮೋಡದಲ್ಲಿ ಹೊಸ ಬೆಳಕೊಂದನ್ನು ಕಂಡರು. ಅದು ನಕ್ಷತ್ರವೊಂದರ ಜನನವಾಗಿರಲಿಲ್ಲ. ಸೂರ್ಯನ ಸುಮಾರು 20 ಪಟ್ಟು ದ್ರವ್ಯರಾಶಿಯ ನಕ್ಷತ್ರದ ಅಂತ್ಯವಾಗಿತ್ತು. ಇಂಧನ ತೀರಿದ ಅದರ ಒಡಲು ತನ್ನ ಭಾರಕ್ಕೇ ಕುಸಿದು, ಹೊರಪದರಗಳು ಸಿಡಿದುಹೋದವು. ಇದನ್ನೇ ಸೂಪರ್‌ನೋವಾ ಎನ್ನುತ್ತೇವೆ.

ಆ ಸ್ಫೋಟದಲ್ಲಿ ಉಂಟಾದ ವಿಕಿರಣಶೀಲ ನಿಕ್ಕಲ್ ಮೊದಲು ಕೋಬಾಲ್ಟ್ ಆಗಿ, ಬಳಿಕ ಕಬ್ಬಿಣವಾಗಿ ಮಾರ್ಪಟ್ಟಿತು. ಅದರ ಪ್ರಮಾಣ ಸೂರ್ಯನ ದ್ರವ್ಯರಾಶಿಯ ಸುಮಾರು ಶೇ. 7. ಹೀಗೆ ಚೆದರಿದ ಧಾತುಗಳು ಗೆಲಾಕ್ಸಿಯ ಅನಿಲದೊಡನೆ ಬೆರೆತು ಮುಂದಿನ ತಲೆಮಾರಿನ ನಕ್ಷತ್ರಗಳಿಗೂ ಗ್ರಹಗಳಿಗೂ ಒದಗುತ್ತವೆ. ನಮ್ಮ ರಕ್ತದ ಕಬ್ಬಿಣವೂ ಉಸಿರಿನ ಆಮ್ಲಜನಕವೂ ಎಂದೋ ಅಳಿದ ನಕ್ಷತ್ರಗಳಿಂದಲೇ ಬಂದವು.

ಆ ವರ್ಷದ ವಿಭೂತಿ ಬುಧವಾರ ಬಂದದ್ದು ಎಂಟು ದಿನಗಳ ಬಳಿಕ, ಮಾರ್ಚ್ 4ರಂದು. ಇದನ್ನು ದೈವಿಕ ಸೂಚನೆಯೆಂದು ಬೋಧಿಸುವ ಆಸೆ ನಮಗಾಗಬಹುದು. ಆದರೆ ಆ ಬೆಳಕು ಹೊರಟದ್ದು ಸುಮಾರು 1,68,000 ವರ್ಷಗಳ ಹಿಂದೆ. ನಕ್ಷತ್ರವು ನಮಗಾಗಿ ಸತ್ತಿತೆಂದು ಹೇಳಿ ಅದನ್ನು ಶಿಲುಬೆಗೆ ಹೋಲಿಸುವುದೂ ಸಲ್ಲದು. ನಕ್ಷತ್ರಕ್ಕೆ ಸಂಕಲ್ಪವಿಲ್ಲ, ಕ್ರಿಸ್ತರಾದರೋ ತಮ್ಮ ಪ್ರಾಣವನ್ನು ಸ್ವಇಚ್ಛೆಯಿಂದ ಅರ್ಪಿಸಿದರು.

ಹಾಗಾದರೆ ಖಗೋಳವಿಜ್ಞಾನದಿಂದ ನಾವು ಕಲಿಯಬೇಕಾದುದೇನು? ಸಂತ ಥಾಮಸ್ ಅಕ್ವಿನಾಸರ ಬೋಧನೆಯಂತೆ, ಆದಿಕಾರಣರಾದ ದೇವರು ಸೃಷ್ಟವಸ್ತುಗಳಿಗೂ ನಿಜವಾದ ಕಾರಣತ್ವವನ್ನು ದಯಪಾಲಿಸುತ್ತಾರೆ. ನಕ್ಷತ್ರವು ತನ್ನ ನಿಯಮದಂತೆ ಉರಿದು ಅಳಿಯುವಲ್ಲಿಯೂ ದೇವರ ಸೃಷ್ಟಿಕಾರ್ಯ ನಿಂತಿಲ್ಲ. ಭಕ್ತರ ಹಣೆಗೆ ವಿಭೂತಿಯನ್ನಿಡುವಾಗ ಇಷ್ಟನ್ನು ನೆನೆಯೋಣ: ಮನುಷ್ಯನು ಮಣ್ಣೇ ಸರಿ, ಆದರೆ ಆ ಮಣ್ಣನ್ನು ಸಿದ್ಧಪಡಿಸುವುದರಲ್ಲಿ ದೇವರು ಅವಸರಪಡಲಿಲ್ಲ.