ಹೈಡ್ರೋಕಾರ್ಬನ್‌ಗಳ ಭೌತಿಕ ಮತ್ತು ರಾಸಾಯನಿಕ ಗುಣಗಳು

ಹೈಡ್ರೋಕಾರ್ಬನ್ ಎಂದರೆ ಇಂಗಾಲ ಮತ್ತು ಜಲಜನಕ ಎಂಬ ಎರಡೇ ಧಾತುಗಳಿಂದಾದ ಸಂಯುಕ್ತ. ಅಡುಗೆ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಮೇಣದಬತ್ತಿಯ ಪ್ಯಾರಾಫಿನ್ ಮೇಣ ಇವೆಲ್ಲವೂ ಮುಖ್ಯವಾಗಿ ಹೈಡ್ರೋಕಾರ್ಬನ್‌ಗಳ ಮಿಶ್ರಣಗಳು. ಧಾತುಗಳು ಒಂದೇ ಆದರೂ ಇವುಗಳ ಗುಣಗಳು ಭಿನ್ನವಾಗಿರಲು ಅಣುವಿನ ಗಾತ್ರ, ಆಕಾರ ಹಾಗೂ ಬಂಧಗಳ ಸ್ವರೂಪ ಕಾರಣ. ಈ ಗುಣಗಳ ಅರಿವು ಇಂಧನಗಳ ಸುರಕ್ಷಿತ ಬಳಕೆಗೂ ಅಗತ್ಯ.

ಭೌತಿಕ ಗುಣಗಳು

ಹೈಡ್ರೋಕಾರ್ಬನ್ ಅಣುಗಳ ನಡುವಿನ ಆಕರ್ಷಣೆ ದುರ್ಬಲವಾದುದು. ಇಂಗಾಲದ ಸರಪಳಿ ಉದ್ದವಾದಂತೆ ಆಕರ್ಷಣೆ ಹೆಚ್ಚಿ, ಕುದಿಯುವ ಬಿಂದುವೂ ಏರುತ್ತದೆ. ಒಂದು ಇಂಗಾಲ ಪರಮಾಣುವುಳ್ಳ ಮೀಥೇನ್ ಸುಮಾರು −162° ಸೆಲ್ಸಿಯಸ್‌ನಲ್ಲಿ, ಮೂರುಳ್ಳ ಪ್ರೋಪೇನ್ −42° ಸೆಲ್ಸಿಯಸ್‌ನಲ್ಲಿ, ಆರುಳ್ಳ ಹೆಕ್ಸೇನ್ 69° ಸೆಲ್ಸಿಯಸ್‌ನಲ್ಲಿ ಕುದಿಯುತ್ತವೆ. ಆದುದರಿಂದ ಸಾಮಾನ್ಯ ಉಷ್ಣತೆಯಲ್ಲಿ ಮೊದಲೆರಡು ಅನಿಲಗಳು, ಹೆಕ್ಸೇನ್ ದ್ರವ. ಇನ್ನೂ ಉದ್ದನೆಯ ಸರಪಳಿಯ ಮೇಣಗಳು ಘನವಸ್ತುಗಳು. ಕಚ್ಚಾ ತೈಲವನ್ನು ಆಂಶಿಕ ಆಸವನದಿಂದ ಬೇರ್ಪಡಿಸಲು ಈ ವ್ಯತ್ಯಾಸವೇ ಆಧಾರ.

ಹೈಡ್ರೋಕಾರ್ಬನ್‌ಗಳು ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ಪೆಟ್ರೋಲ್ ನೀರಿಗಿಂತ ಹಗುರವಾಗಿದ್ದು ಅದರ ಮೇಲೆ ತೇಲುತ್ತದೆ. ಉರಿಯುವ ಪೆಟ್ರೋಲಿನ ಮೇಲೆ ನೀರು ಸುರಿದರೆ ಬೆಂಕಿ ಆರುವ ಬದಲು ಹರಡುವುದು ಇದೇ ಕಾರಣದಿಂದ. ಇಂತಹ ಬೆಂಕಿಗೆ ನೊರೆ ಅಥವಾ ಒಣ ರಾಸಾಯನಿಕ ಪುಡಿಯನ್ನು ಬಳಸಲಾಗುತ್ತದೆ.

ರಾಸಾಯನಿಕ ಗುಣಗಳು

ಏಕಬಂಧಗಳನ್ನು ಮಾತ್ರ ಹೊಂದಿರುವ ಪರ್ಯಾಪ್ತ ಹೈಡ್ರೋಕಾರ್ಬನ್‌ಗಳು ಸುಲಭವಾಗಿ ವರ್ತಿಸುವುದಿಲ್ಲ. ಸೂರ್ಯನ ಬೆಳಕಿನಲ್ಲಿ ಕ್ಲೋರಿನ್‌ನೊಡನೆ ಇವು ಆದೇಶನ ಕ್ರಿಯೆಗೆ ಒಳಗಾಗುತ್ತವೆ. ಅಂದರೆ ಜಲಜನಕದ ಸ್ಥಾನವನ್ನು ಕ್ಲೋರಿನ್ ಆಕ್ರಮಿಸುತ್ತದೆ. ದ್ವಿಬಂಧ ಅಥವಾ ತ್ರಿಬಂಧವುಳ್ಳ ಈಥೀನ್, ಈಥೈನ್‌ಗಳಂತಹ ಅಪರ್ಯಾಪ್ತ ಹೈಡ್ರೋಕಾರ್ಬನ್‌ಗಳು ಸಂಕಲನ ಕ್ರಿಯೆ ನಡೆಸುತ್ತವೆ. ಇವು ಬ್ರೋಮಿನ್ ನೀರಿನ ಕಂದು ಬಣ್ಣವನ್ನು ಹೋಗಲಾಡಿಸುತ್ತವೆ. ಪ್ರಯೋಗಾಲಯದಲ್ಲಿ ಇವನ್ನು ಗುರುತಿಸಲು ಈ ಪರೀಕ್ಷೆ ಬಳಕೆಯಲ್ಲಿದೆ.

ಸಾಕಷ್ಟು ಆಮ್ಲಜನಕ ದೊರೆತಾಗ ಹೈಡ್ರೋಕಾರ್ಬನ್‌ಗಳು ಸಂಪೂರ್ಣವಾಗಿ ಉರಿದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಅಪಾರ ಶಾಖವನ್ನು ನೀಡುತ್ತವೆ. ಆಮ್ಲಜನಕ ಸಾಲದಾದಾಗ ಮಸಿ ಮತ್ತು ಇಂಗಾಲದ ಮಾನಾಕ್ಸೈಡ್ ಉಂಟಾಗುತ್ತವೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ವಿಷಾನಿಲವು ರಕ್ತದ ಹಿಮೋಗ್ಲೋಬಿನ್‌ನೊಡನೆ ಸೇರಿ, ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ಒಲೆ ಉರಿಸುವುದು ಪ್ರಾಣಾಪಾಯಕಾರಿ ಎನ್ನುವುದು ಇದರಿಂದಲೇ.

ಅಡುಗೆ ಅನಿಲದ ಸೋರಿಕೆ

ಅಡುಗೆ ಅನಿಲದ ಸಿಲಿಂಡರಿನಲ್ಲಿ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್ ಇರುತ್ತವೆ. ಇವು ಗಾಳಿಗಿಂತ ಭಾರವಾದುದರಿಂದ ಸೋರಿದ ಅನಿಲವು ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಇವಕ್ಕೆ ಸ್ವತಃ ತೀಕ್ಷ್ಣ ವಾಸನೆ ಇಲ್ಲದ ಕಾರಣ, ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟಾನ್ ಎಂಬ ದುರ್ಗಂಧದ ಗಂಧಕ ಸಂಯುಕ್ತವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ವಾಸನೆ ಬಂದಾಗ ಕಡ್ಡಿ ಗೀರದೆ, ವಿದ್ಯುತ್ ಸ್ವಿಚ್ ಮುಟ್ಟದೆ, ಬಾಗಿಲು ಕಿಟಕಿಗಳನ್ನು ತೆರೆದು ಹೊರನಡೆಯಬೇಕು.