ಹಿತ್ತಲಿನ ಪತಂಗಗಳು: ನಂಬಿಕೆ ಏನು, ನಿಜ ಏನು

ಅಶ್ವಿನಿ, ಭರಣಿ ಮಳೆಗಳು ಒಂದೆರಡು ಸಲ ನೆಲ ನೆನೆಸಿದವೆಂದರೆ ನಮ್ಮ ಹಿತ್ತಲುಗಳಲ್ಲಿ ಪತಂಗಗಳ ಸುಗ್ಗಿ ಶುರು. ಬೇಸಿಗೆಯನ್ನು ಮಣ್ಣಿನಡಿ, ತರಗೆಲೆಯ ಮರೆಯಲ್ಲಿ ಕೋಶವಾಗಿ ಕಳೆದ ಎಷ್ಟೋ ಜಾತಿಗಳು ಆಗ ರೆಕ್ಕೆ ಬಿಚ್ಚಿ ಹೊರಬರುತ್ತವೆ. ಬಚ್ಚಲ ಬಾಗಿಲಿನ ಬಲ್ಬಿನ ಸುತ್ತ ಸೇರುವ ಅವನ್ನೆಲ್ಲ ನಾವು ‘ಮಳೆಹುಳ’ ಎಂದು ಒಟ್ಟಿಗೆ ಸೇರಿಸಿ, ಬೆಳಗ್ಗೆ ಪೊರಕೆಯಿಂದ ಗುಡಿಸಿ ಹಾಕುತ್ತೇವೆ. ಮೊದಲ ಮಳೆಯ ಸಂಜೆ ರಾಶಿರಾಶಿಯಾಗಿ ಬಂದು ರೆಕ್ಕೆ ಉದುರಿಸುವವು ಗೆದ್ದಲಿನ ಈಸಲು ಹುಳುಗಳು. ಅವು ಪತಂಗಗಳಲ್ಲ, ಪತಂಗಗಳ ನಂಟರೂ ಅಲ್ಲ. ಪತಂಗ ಚಿಟ್ಟೆಯ ಬಳಗಕ್ಕೆ ಸೇರಿದ್ದು. ಆ ಬಳಗದಲ್ಲಿ ಸಂಖ್ಯೆಯಿಂದ ದೊಡ್ಡಣ್ಣನೂ ಅದೇ. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ಚಿಟ್ಟೆಗಳು 18,000 ಜಾತಿಯ ಆಸುಪಾಸಿನಲ್ಲಿದ್ದರೆ ಪತಂಗಗಳು ಸುಮಾರು 1,60,000. ಭಾರತದಲ್ಲೇ 10,000ಕ್ಕೂ ಹೆಚ್ಚು.

ಇಷ್ಟು ದೊಡ್ಡ ಬಳಗದ ಬಗ್ಗೆ ನಮಗೆ ತಿಳಿದದ್ದೆಲ್ಲ ಒಂದು ಬಲ್ಬಿನ ಕೆಳಗೆ ಕಂಡದ್ದು ಮಾತ್ರ. ತಪ್ಪು ಕಲ್ಪನೆಗಳು ಹುಟ್ಟಿಕೊಂಡದ್ದೂ ಅಲ್ಲಿಂದಲೇ.

ನಂಬಿಕೆ: ಪತಂಗಕ್ಕೆ ದೀಪದ ಮೇಲೆ ಮೋಹ

ಇದು ಬಹಳ ಹಳೆಯ ನಂಬಿಕೆ. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಉರಿಯುವ ಬೆಂಕಿಗೆ ನುಗ್ಗುವ ಪತಂಗದ ಉಪಮೆ ಇದೆ. ಭಾಗವತದ ಅವಧೂತ ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಪತಂಗವನ್ನೂ ಎಣಿಸುತ್ತಾನೆ. ರೂಪಕ್ಕೆ ಮರುಳಾಗಿ ಸುಟ್ಟುಹೋಗಬಾರದೆಂಬ ಪಾಠ ಅವನಿಗೆ ಅದರಿಂದ ಸಿಕ್ಕಿತು. ಉಪಮೆಯಾಗಿ ಅದು ಚೆನ್ನಾಗಿದೆ. ಆದರೆ ಕೀಟದ ಮನಸ್ಸಿನಲ್ಲಿ ಮೋಹ ಇಟ್ಟವರು ನಾವು.

ವಿಜ್ಞಾನಿಗಳೂ ಬಹುಕಾಲ ಊಹೆಗಳಲ್ಲೇ ಇದ್ದರು. ಚಂದ್ರನನ್ನು ನೋಡಿ ದಾರಿ ಹಿಡಿಯುವ ಪತಂಗ ಬಲ್ಬನ್ನು ಚಂದ್ರನೆಂದು ತಿಳಿಯುತ್ತದೆ ಎಂದು ಕೆಲವರು ಹೇಳಿದರು. ಶಾಖಕ್ಕೆ ಬರುತ್ತದೆ ಎಂದು ಇನ್ನು ಕೆಲವರು. 2024ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಸಂಗಡಿಗರು ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಗೊಂದಲಕ್ಕೆ ಒಳ್ಳೆಯ ಉತ್ತರ ಕೊಟ್ಟಿತು. ಪ್ರಯೋಗಾಲಯದಲ್ಲೂ ಕೋಸ್ಟರೀಕದ ಕಾಡಿನಲ್ಲೂ ಅತಿವೇಗದ ಕ್ಯಾಮೆರಾಗಳಿಂದ ಹಾರಾಟವನ್ನು ಸೆರೆಹಿಡಿದಾಗ ಒಂದು ಸಂಗತಿ ಸ್ಪಷ್ಟವಾಗಿ ಕಂಡಿತು: ಹೆಚ್ಚಿನ ಕೀಟಗಳು ದೀಪದ ಕಡೆಗೆ ನೇರವಾಗಿ ಹಾರುವುದೇ ಇಲ್ಲ, ದೀಪಕ್ಕೆ ಬೆನ್ನು ತಿರುಗಿಸುತ್ತವೆ.

ಕಾರಣ ಸರಳ. ಕೋಟ್ಯಂತರ ವರ್ಷಗಳಿಂದ ರಾತ್ರಿಯಲ್ಲೂ ಆಕಾಶ ನೆಲಕ್ಕಿಂತ ಬೆಳ್ಳಗಿತ್ತು. ಹಾರುತ್ತ ಹಾರುತ್ತ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯಲು ಕೀಟಕ್ಕೆ ಬೆಳಕಿರುವ ಕಡೆಗೆ ಬೆನ್ನು ಕೊಟ್ಟರೆ ಸಾಕಾಗಿತ್ತು. ಹಿತ್ತಲಲ್ಲಿ ಬಲ್ಬು ಉರಿದಾಗ ಆ ಲೆಕ್ಕ ಕೆಡುತ್ತದೆ. ಪಕ್ಕದಲ್ಲಿರುವ ಬಲ್ಬಿಗೆ ಬೆನ್ನು ಕೊಟ್ಟ ಪತಂಗ ವಾಲುತ್ತದೆ, ವಾಲಿದ್ದರಿಂದ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ನಾವು ಪ್ರದಕ್ಷಿಣೆ ಎಂದುಕೊಳ್ಳುವುದು ಇದನ್ನೇ. ದೀಪವನ್ನು ನೆಲದಲ್ಲಿಟ್ಟು ಮೇಲಕ್ಕೆ ಬೆಳಗಿಸಿದರೆ ಕೀಟ ಅಂಗಾತವಾಗಿ ಬಿದ್ದುಬಿಡುತ್ತದೆ. ತಲೆಯ ಮೇಲೆ ಬಿಳಿಬಟ್ಟೆ ಹರಡಿ ಬೆಳಕನ್ನು ಸಮನಾಗಿ ಹಂಚಿದರೆ ಏನೂ ಆಗದಂತೆ ನೇರವಾಗಿ ಹಾರಿಹೋಗುತ್ತದೆ. ಕಣಗಿಲೆಯ ಹಸಿರು ಪತಂಗ, ಅಂದರೆ ಡ್ಯಾಫ್ನಿಸ್ ನೀರಿಯೈ, ಈ ನಿಯಮಕ್ಕೆ ಹೊರತಾಗಿ ನಿಂತ ಕೆಲವೇ ಕೀಟಗಳಲ್ಲಿ ಒಂದು. ನಮ್ಮ ಹಿತ್ತಲುಗಳಲ್ಲೂ ಅದಿದೆ. ಅದರ ಮಾತು ಮುಂದೆ ಬರುತ್ತದೆ.

ಹೀಗೆ ಸಿಕ್ಕಿಬಿದ್ದ ಪತಂಗ ಆ ರಾತ್ರಿ ಸಂಗಾತಿಯನ್ನು ಹುಡುಕುವುದಿಲ್ಲ, ಮೊಟ್ಟೆ ಇಡುವುದಿಲ್ಲ, ಹೂವಿಗೆ ಹೋಗುವುದಿಲ್ಲ. ಗೋಡೆಯ ಹಲ್ಲಿಗೋ ಬೆಳಗಿನ ಮಡಿವಾಳ ಹಕ್ಕಿಗೋ ಆಹಾರವಾಗುತ್ತದೆ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೀದಿದೀಪ ಇಟ್ಟ ಕಡೆ ಹೂಗಳಿಗೆ ರಾತ್ರಿ ಬರುವ ಕೀಟಗಳ ಭೇಟಿ ಕತ್ತಲಿರುವ ಕಡೆಗಿಂತ ಶೇ 62ರಷ್ಟು ಕಡಿಮೆಯಾಗಿತ್ತು. ಪಾರಿಜಾತ, ರಾತ್ರಿರಾಣಿಗಳು ಬಿಳುಪಾಗಿ ಅರಳಿ ರಾತ್ರಿಯಲ್ಲಿ ಘಮಘಮಿಸುವುದು ಯಾರಿಗಾಗಿ ಎಂದು ಯೋಚಿಸಿದರೆ ಈ ನಷ್ಟದ ಅಳತೆ ತಿಳಿಯುತ್ತದೆ.

ನಂಬಿಕೆ: ಬಣ್ಣದ್ದು ಚಿಟ್ಟೆ, ಮಂಕಾದದ್ದು ಪತಂಗ

ಪಶ್ಚಿಮ ಘಟ್ಟದ ಅಂಚಿನ ತೋಟಗಳಲ್ಲಿ ತಿಳಿಹಸಿರು ರೆಕ್ಕೆ, ಉದ್ದನೆಯ ಬಾಲದ ಚಂದ್ರ ಪತಂಗವನ್ನು ಒಮ್ಮೆ ಕಂಡವರು ಈ ಮಾತು ಆಡಲಾರರು. ಹಗಲು ಹಾರುವುದೆಲ್ಲ ಚಿಟ್ಟೆ ಎಂಬುದೂ ನಿಜವಲ್ಲ. ಗಾಜಿನಂಥ ಪಾರದರ್ಶಕ ರೆಕ್ಕೆ ಬಡಿಯುತ್ತ ಹೂವಿನ ಮುಂದೆ ಗಾಳಿಯಲ್ಲೇ ನಿಲ್ಲುವ, ಕಾಫಿ ಸೀಮೆಯವರಿಗೆ ಪರಿಚಿತವಾದ ಸೆಫೊನೋಡಿಸ್ ಹಗಲಿನ ಪತಂಗ. ಕಣಜದ ವೇಷ ಹಾಕಿ ಬಿಸಿಲಲ್ಲಿ ಹಾರುವ, ಶ್ರೀಗಂಧದ ಎಲೆಗಳನ್ನು ಮೇಯುವ ಅಮಾಟ ಪ್ಯಾಸಲಿಸ್ ಕೂಡ ಪತಂಗವೇ.

ಗುರುತಿಸುವವರು ಮೊದಲು ಮೀಸೆ ನೋಡುತ್ತಾರೆ. ಚಿಟ್ಟೆಯ ಮೀಸೆಯ ತುದಿ ಗುಂಡಗೆ ದಪ್ಪಗಿರುತ್ತದೆ. ಪತಂಗದ್ದು ದಾರದಂತೆಯೋ ಗರಿಯಂತೆಯೋ ಇರುತ್ತದೆ. ಗಂಡು ಪತಂಗದ ಗರಿಮೀಸೆ ದೂರದ ಹೆಣ್ಣಿನ ಗಂಧವನ್ನು ಗಾಳಿಯಲ್ಲಿ ಹಿಡಿಯುವ ಮೂಗು. ಕೆಲವು ಗುಂಪುಗಳಿಗೆ ಕಿವಿಯೂ ಇದೆ. ಬಾವಲಿಯ ಶ್ರವಣಾತೀತ ಕೂಗು ಕೇಳಿದ ಕೂಡಲೇ ರೆಕ್ಕೆ ಮಡಚಿ ನೆಲಕ್ಕೆ ಬೀಳುತ್ತವೆ. ಹಿತ್ತಲಲ್ಲಿ ಹಾರುವ ಪತಂಗದ ಹತ್ತಿರ ಬೀಗದ ಕೈ ಗೊಂಚಲನ್ನು ಜೋರಾಗಿ ಅಲ್ಲಾಡಿಸಿ ನೋಡಿ. ಆ ಸದ್ದಿನಲ್ಲೂ ನಮಗೆ ಕೇಳದ ಆ ಎತ್ತರದ ಸ್ವರ ಇರುವುದರಿಂದ ಕೆಲವು ತಟ್ಟನೆ ದಿಕ್ಕು ಬದಲಿಸುತ್ತವೆ.

ನಂಬಿಕೆ: ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡು

ಸುಳ್ಳು. ಆ ಪುಡಿ ರೆಕ್ಕೆಯ ಮೇಲೆ ಹೆಂಚಿನಂತೆ ಹೊದೆಸಿದ ಚಿಕ್ಕ ಹುರುಪೆಗಳು. ಕಣ್ಣಿಗೆ ಹೋದರೆ ಧೂಳು ಹೋದಷ್ಟೇ ಕಿರಿಕಿರಿ. ತಣ್ಣೀರಿನಿಂದ ತೊಳೆದರೆ ಸಾಕು. ಎಚ್ಚರ ಬೇಕಾದದ್ದು ಮರಿಯ ವಿಷಯದಲ್ಲಿ. ನುಗ್ಗೆ ಮರದ ಕಾಂಡಕ್ಕೆ ಗುಂಪುಗಟ್ಟಿ ಅಂಟಿಕೊಳ್ಳುವ ಕಂಬಳಿ ಹುಳುವಿನ ಕೂದಲು ತಾಗಿದರೆ ಮೈ ದದ್ದು ಏಳುತ್ತದೆ. ಮಾವು, ತೆಂಗಿನ ಎಲೆಗಳ ಮೇಲಿನ ಹಸಿರು ಮುಳ್ಳುಹುಳು ಬೆಂಕಿ ತಾಗಿದಂತೆ ಉರಿಸುತ್ತದೆ. ಮಕ್ಕಳಿಗೆ ಇದನ್ನು ತೋರಿಸಿ ಹೇಳಬೇಕು. ಬಾಲದ ಮೇಲೆ ಒಂದೇ ಕೊಂಬಿರುವ, ಕೂದಲಿಲ್ಲದ ನುಣುಪು ಹುಳುಗಳ ಕೊಂಬು ಮಾತ್ರ ಚುಚ್ಚುವುದಿಲ್ಲ, ಅದರಲ್ಲಿ ವಿಷವೂ ಇಲ್ಲ.

ಮನೆಯ ಕತ್ತಲೆ ಮೂಲೆಯಲ್ಲಿ ಬಂದು ಕೂರುವ, ರೆಕ್ಕೆಯ ಮೇಲೆ ದೊಡ್ಡ ಕಣ್ಣಿನ ಗುರುತಿರುವ ಕಂದು ಎರೆಬಸ್ ಪತಂಗವನ್ನು ಅಪಶಕುನ ಎಂದು ಹೊಡೆಯುವವರಿದ್ದಾರೆ. ಅದು ಹಗಲಿನ ನೆರಳು ಹುಡುಕಿ ಬಂದದ್ದು. ಸಂಜೆ ಕಿಟಕಿ ತೆರೆದು ದೀಪ ಆರಿಸಿದರೆ ತಾನೇ ಹೋಗುತ್ತದೆ.

ನಂಬಿಕೆ: ಬೀರುವಿನ ಸೀರೆ ತಿನ್ನುವುದು ಇವೇ

ಬಟ್ಟೆ ತಿನ್ನುವ ಪತಂಗಗಳು ಈ ಲಕ್ಷಾಂತರ ಜಾತಿಗಳಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲೂ ತಿನ್ನುವುದು ಮರಿ, ಅದೂ ಉಣ್ಣೆಯಂಥ ಪ್ರಾಣಿಜನ್ಯ ನೂಲು. ಹತ್ತಿ ಬಟ್ಟೆ, ಪುಸ್ತಕ ಕೊರೆದದ್ದು ಕಂಡರೆ ಬೆಳ್ಳಿಮೀನಿನಂಥ ಬೇರೆ ಹುಳುಗಳನ್ನು ಹುಡುಕಬೇಕು. ಬಲ್ಬಿಗೆ ಬರುವ ಪತಂಗಕ್ಕೂ ಬೀರುವಿಗೂ ಸಂಬಂಧವಿಲ್ಲ. ಅಗಿಯಲು ಅದಕ್ಕೆ ದವಡೆಯೇ ಇಲ್ಲ. ಇರುವುದು ಹೀರುವ ಕೊಳವೆ. ರೇಷ್ಮೆಯ ಪತಂಗ, ಚಂದ್ರ ಪತಂಗಗಳಂಥವಕ್ಕೆ ಕೆಲಸ ಮಾಡುವ ಬಾಯಿಯೂ ಇರುವುದಿಲ್ಲ. ಹುಳುವಾಗಿದ್ದಾಗ ತಿಂದು ಕೂಡಿಟ್ಟುಕೊಂಡದ್ದರಲ್ಲೇ ವಾರ ಹತ್ತು ದಿನ ಬದುಕಿ, ಮೊಟ್ಟೆ ಇಟ್ಟು ಮುಗಿಯುತ್ತವೆ.

ಗೋಡೆಯ ಮೇಲೆ ಬೂದು ಬಣ್ಣದ ಚಪ್ಪಟೆ ಚೀಲವೊಂದು ನಿಧಾನವಾಗಿ ಸರಿಯುವುದನ್ನು ಹೆಚ್ಚಿನವರು ನೋಡಿರುತ್ತಾರೆ. ಅದರೊಳಗಿರುವುದೂ ಒಂದು ಪತಂಗದ ಮರಿ. ಜೇಡರಬಲೆಯ ಚೂರು, ಉದುರಿದ ಕೂದಲು, ಸತ್ತ ಕೀಟ ತಿಂದು ಬದುಕುತ್ತದೆ. ಅದನ್ನು ತೆಗೆಯಲು ಪೊರಕೆ ಸಾಕು.

ನಂಬಿಕೆ: ಹುಳ ಕಂಡ ಕೂಡಲೇ ಔಷಧಿ ಹೊಡೆಯಬೇಕು

ಈ ಮಾತಿನ ಹಿಂದೆ ರೈತರ ನೋವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕ ಖಂಡದಿಂದ ಬಂದ ಫಾಲ್ ಆರ್ಮಿವರ್ಮ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿ, 2018ರ ಮೇ ತಿಂಗಳಲ್ಲಿ. ಶೇಂಗಾ ಬೆಳೆಯುವ ಸೀಮೆಯಲ್ಲಿ ಮೊದಲ ದೊಡ್ಡ ಮಳೆಯ ನಂತರ ಕೆಂಪು ಕಂಬಳಿ ಹುಳುವಿನ ಪತಂಗಗಳು ಮಣ್ಣಿನಿಂದ ಒಟ್ಟಿಗೆ ಏಳುತ್ತವೆ. ಅದಕ್ಕೆಂದೇ ಬೇಸಿಗೆಯಲ್ಲಿ ಆಳವಾಗಿ ಉತ್ತು ಕೋಶಗಳನ್ನು ಹಕ್ಕಿಗಳ ಕಣ್ಣಿಗೆ ಬೀಳಿಸುವುದು, ಮಳೆಯಾದ ರಾತ್ರಿ ಬೆಂಕಿ, ದೀಪದ ಬಲೆ ಹಾಕುವುದು. ಜೇನು ಸಾಕುವವರಿಗೆ ಮೇಣದ ಹುಳುವಿನ ಕಾಟ ಗೊತ್ತು.

ಆದರೆ ಹಿತ್ತಲು ಹೊಲವಲ್ಲ. ಅಲ್ಲಿ ಸಿಗುವ ಹುಳುಗಳಲ್ಲಿ ಬಹುಪಾಲು ನಾವು ಬೆಳೆಯೆಂದು ಲೆಕ್ಕಕ್ಕಿಡದ ಗಿಡಗಳನ್ನು ತಿನ್ನುವಂಥವು. ನಂದಿಬಟ್ಟಲು ಗಿಡದ ಕೆಳಗೆ ಕರಿಮೆಣಸಿನ ಗಾತ್ರದ ಹಿಕ್ಕೆ ಕಂಡರೆ ತಲೆಯೆತ್ತಿ ಹುಡುಕಿ. ಬೆರಳುದ್ದದ ಹಸಿರು ಹುಳು, ಮುಂಭಾಗದಲ್ಲಿ ಎರಡು ನೀಲಿ ಕಣ್ಣಿನ ಗುರುತು, ಹಿಂದೆ ಮೋಟು ಕೊಂಬು ಕಾಣುತ್ತವೆ. ಮೊದಲೇ ಹೇಳಿದ ಕಣಗಿಲೆಯ ಹಸಿರು ಪತಂಗದ ಮರಿ ಇದೇ. ಒಂದೆರಡು ಕೊಂಬೆ ಬೋಳಾಗುತ್ತವೆ, ಸ್ವಲ್ಪ ದಿನದಲ್ಲಿ ಮತ್ತೆ ಚಿಗುರುತ್ತವೆ. ಹುಳು ಬಲಿತ ಮೇಲೆ ಕಂದಾಗಿ ಕೆಳಗಿಳಿದು ತರಗೆಲೆಯ ನಡುವೆ ಕೋಶ ಕಟ್ಟುತ್ತದೆ. ಹಿತ್ತಲನ್ನು ದಿನಾ ನುಣ್ಣಗೆ ಗುಡಿಸಿ ತರಗು ಸುಡುವ ಮನೆಯಲ್ಲಿ ಈ ಪತಂಗ ಹುಟ್ಟಲಾರದು.

ಅಮೃತಬಳ್ಳಿಯ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಎಲೆ ಮೇಯುವ ಯೂಡೊಸಿಮ ಹುಳು ಬೆಳೆದು ಪತಂಗವಾದಾಗ ಮೇಲಿನ ರೆಕ್ಕೆ ಒಣಗಿದ ಎಲೆಯ ಹಾಗೆ, ಒಳರೆಕ್ಕೆ ಉಜ್ವಲ ಕಿತ್ತಳೆ. ಅದರ ಕೊಳವೆ ಎಷ್ಟು ಗಟ್ಟಿಯೆಂದರೆ ಕಿತ್ತಳೆ, ದಾಳಿಂಬೆಯ ಸಿಪ್ಪೆಯನ್ನೇ ಚುಚ್ಚಿ ರಸ ಹೀರುತ್ತದೆ. ಹಣ್ಣಿನ ತೋಟದವರಿಗೆ ಶತ್ರು, ಹಿತ್ತಲಿನವರಿಗೆ ಅತಿಥಿ. ಒಂದೇ ಜಾತಿಯ ಬಗ್ಗೆಯೂ ಒಂದೇ ತೀರ್ಪು ಸಲ್ಲದು.

ಕೆಲವು ಹುಳುಗಳ ಬೆನ್ನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಗೂಡುಗಳು ಅಂಟಿರುತ್ತವೆ. ಹುಳು ಮೊಟ್ಟೆ ಹೊತ್ತಿದೆ ಎಂದು ಜನ ಗಾಬರಿಯಾಗಿ ಹೊಸಕುತ್ತಾರೆ. ಅವು ಸಣ್ಣ ಪರಾವಲಂಬಿ ಕಣಜಗಳ ಗೂಡುಗಳು. ಆ ಹುಳುವನ್ನು ಒಳಗಿನಿಂದ ತಿಂದು ಮುಗಿಸಿ ಹೊರಬಂದಿರುವ, ನಮ್ಮ ಕೆಲಸ ನಾವು ಕೇಳದೆ ಮಾಡುವ ಜೀವಿಗಳು. ಔಷಧಿ ಇವನ್ನೂ ಕೊಲ್ಲುತ್ತದೆ. ಮರಿಗಳಿಗೆ ಹುಳು ಹೆಕ್ಕಿ ಒಯ್ಯುವ ಟುವ್ವಿ, ಮಡಿವಾಳ ಹಕ್ಕಿಗಳ ಊಟವೂ ಅದರೊಂದಿಗೆ ಹೋಗುತ್ತದೆ.

ನಂಬಿಕೆ: ಫೋಟೊ ತೆಗೆಯಲು ಕಾಡು ಬೇಕು, ದುಬಾರಿ ಕ್ಯಾಮೆರಾ ಬೇಕು

ಬೇಕಾದದ್ದು ಒಂದು ಬಿಳಿ ಪಂಚೆ, ಒಂದು ಬಲ್ಬು, ಫೋನು, ಅದಕ್ಕೆ ಸಿಕ್ಕಿಸುವ ಚಿಕ್ಕ ಮ್ಯಾಕ್ರೋ ಮಸೂರ. ಹುಣ್ಣಿಮೆಯಲ್ಲಿ ಪತಂಗ ಕಡಿಮೆ. ಬೆಳದಿಂಗಳಿನ ಎದುರು ಬಲ್ಬಿನ ಬಲ ಕುಗ್ಗುತ್ತದೆ. ಅಮಾವಾಸ್ಯೆಯ ಆಸುಪಾಸು, ಮೋಡ ಕವಿದು ಗಾಳಿಯಿಲ್ಲದ ಸೆಕೆಯ ರಾತ್ರಿ ಎಲ್ಲಕ್ಕಿಂತ ಒಳ್ಳೆಯದು. ಅಮಾವಾಸ್ಯೆಯಂದು ಹೊರಗೆ ಹೋಗಬೇಡ ಎನ್ನುವ ಮನೆಯವರಿಗೆ ಈ ಕಾರಣ ಹೇಳಿ ಒಪ್ಪಿಸಬಹುದು. ಬಲ್ಬಿಗೆ ಬಾರದ ಜಾತಿಗಳಿಗೆ ಬೇರೆ ಉಪಾಯವಿದೆ: ತೀರಾ ಕಳಿತ ಬಾಳೆಹಣ್ಣನ್ನು ಬೆಲ್ಲದ ಜೊತೆ ಕಿವುಚಿ ಒಂದು ದಿನ ಹುಳಿಯಲು ಬಿಟ್ಟು, ಸಂಜೆ ಮರದ ಕಾಂಡಕ್ಕೆ ಬಳಿಯಿರಿ. ಎರೆಬಸ್ ಪತಂಗ ಸಿಗುವುದು ಹೀಗೆ.

ರೆಕ್ಕೆ ಹರಡಿ ಕುಳಿತದ್ದನ್ನು ನೇರ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ಮೀಸೆ ಕಾಣಲಿ, ಪಕ್ಕದಲ್ಲಿ ಸ್ಕೇಲು ಇರಲಿ. ಟಾರ್ಚಿನ ಮುಂದೆ ಟ್ರೇಸಿಂಗ್ ಪೇಪರ್ ಹಿಡಿದರೆ ಬೆಳಕು ಮೆದುವಾಗಿ ಹುರುಪೆಗಳ ನೇಯ್ಗೆ ಕಾಣುತ್ತದೆ. ಪತಂಗ ಗಡಗಡ ನಡುಗತೊಡಗಿದರೆ ಅದಕ್ಕೆ ಚಳಿಯಲ್ಲ, ಹಾರುವ ಮೊದಲು ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುತ್ತಿದೆ. ಬೇಗ ಕ್ಲಿಕ್ ಮಾಡಿ. ಎರಡು ಮೂರು ಗಂಟೆಗಿಂತ ಹೆಚ್ಚು ಬಲ್ಬು ಉರಿಸಬೇಡಿ. ಮುಗಿದ ಮೇಲೆ ಪಂಚೆಯನ್ನು ಗಿಡದ ಮರೆಯಲ್ಲಿ ಮೆಲ್ಲಗೆ ಕೊಡವಿ, ಬೆಳಗಿನ ಹಕ್ಕಿಗಳ ಬಾಯಿಗೆ ಬಿಡಬೇಡಿ.

ನನ್ನ ಮಟ್ಟಿಗೆ ಪಂಚೆಯ ಮೇಲೆ ತೆಗೆದ ಹತ್ತು ಚಿತ್ರಕ್ಕಿಂತ ಎಲೆಯ ಮೇಲಿನ ಹುಳುವಿನ ಒಂದು ಚಿತ್ರ ದೊಡ್ಡದು. ಪಂಚೆಯ ಚಿತ್ರ ಆ ಪತಂಗ ಇಲ್ಲಿ ಬಂದಿತ್ತು ಎನ್ನುತ್ತದೆ. ಹುಳುವಿನ ಚಿತ್ರ ಅದು ಇಲ್ಲಿ ಬದುಕುತ್ತದೆ, ಈ ಗಿಡದಿಂದ ಬದುಕುತ್ತದೆ ಎನ್ನುತ್ತದೆ. ನೀಲಗಿರಿಯಲ್ಲಿ ಚಹಾ ತೋಟಗಾರನಾಗಿದ್ದ ಜಾರ್ಜ್ ಹ್ಯಾಂಪ್ಸನ್ 1892ರಿಂದ 1896ರವರೆಗೆ ನಾಲ್ಕು ಸಂಪುಟಗಳಲ್ಲಿ ಭಾರತದ ಪತಂಗಗಳನ್ನು ವರ್ಣಿಸಿದ. ಇಷ್ಟು ಕಾಲವಾದರೂ ನಮ್ಮ ಅನೇಕ ಪತಂಗಗಳ ಮರಿ ಯಾವ ಗಿಡ ತಿನ್ನುತ್ತದೆ ಎಂಬ ದಾಖಲೆ ಇಲ್ಲ. ‘ಮಾತ್ಸ್ ಆಫ್ ಇಂಡಿಯಾ’, ಐನ್ಯಾಚುರಲಿಸ್ಟ್ ತಾಣಗಳು ಸಾಮಾನ್ಯರ ಚಿತ್ರಗಳನ್ನೂ ಸ್ವೀಕರಿಸುತ್ತವೆ. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ಹಿತ್ತಲಿನ ಒಂದು ಹುಳುವಿನ ಚಿತ್ರ ತೆಗೆಯಿರಿ. ಗಿಡದ ಹೆಸರು, ದಿನಾಂಕ, ಊರು ಮೂರನ್ನೂ ಬರೆದು ಅಲ್ಲಿಗೆ ಸೇರಿಸಿ.