ಉಪ್ಪುನೀರು ತಿಂದ ಬೆಳ್ಳಿ

ಚಿನ್ನಕ್ಕೆ ಸಮುದ್ರ ಏನೂ ಮಾಡಲಾರದು. 1857ರ ಸೆಪ್ಟೆಂಬರಿನ ಬಿರುಗಾಳಿಗೆ ಅಮೆರಿಕದ ಪೂರ್ವ ಕರಾವಳಿಯಾಚೆ ಮುಳುಗಿದ ‘ಸೆಂಟ್ರಲ್ ಅಮೆರಿಕ’ ಹಡಗು 1988ರಲ್ಲಿ ಸುಮಾರು 2,200 ಮೀಟರ್ ಆಳದಲ್ಲಿ ಪತ್ತೆಯಾಯಿತು. ಅದರಲ್ಲಿದ್ದ ಸ್ಯಾನ್‌ಫ್ರಾನ್ಸಿಸ್ಕೊ ಟಂಕಸಾಲೆಯ 20 ಡಾಲರ್ ನಾಣ್ಯಗಳಲ್ಲಿ ಎಷ್ಟೋ, ಮೇಲೆ ಕೂತಿದ್ದ ತುಕ್ಕು ಸುಣ್ಣ ಬಿಡಿಸಿದ್ದೇ ತಡ, ಹೊಸದರಂತೆ ಹೊಳೆದವು. ಸಂಗ್ರಾಹಕರು ಇವಕ್ಕೇ ಮುಗಿಬೀಳುತ್ತಾರೆ. ನನಗೇನೋ ಬೆಳ್ಳಿಯ ಕಥೆಯೇ ಹೆಚ್ಚು ರುಚಿ.

1622ರಲ್ಲಿ ಫ್ಲಾರಿಡಾ ಬಳಿ ಮುಳುಗಿದ ಸ್ಪೇನಿನ ‘ಅತೋಚಾ’ ಹಡಗಿನ ಮುಖ್ಯ ರಾಶಿ ಮೆಲ್ ಫಿಶರ್ ತಂಡಕ್ಕೆ ಸಿಕ್ಕಿದ್ದು 1985ರಲ್ಲಿ. ಅದರ ನಾಣ್ಯಗಳಲ್ಲಿ ಬಹಳಷ್ಟು ಇಂದಿನ ಬೊಲಿವಿಯಾದ ಪೊಟೊಸಿಯವು. ಬೆಳ್ಳಿಯ ತುಂಡನ್ನು ತೂಕಕ್ಕೆ ಸರಿಯಾಗಿ ಕತ್ತರಿಸಿ, ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದವು. ಒಂದೂ ನೆಟ್ಟಗೆ ದುಂಡಗಿಲ್ಲ. 8 ರಿಯಾಲ್ ನಾಣ್ಯ ಸುಮಾರು 27 ಗ್ರಾಂ ತೂಗಬೇಕು. ನೀರಿನಿಂದ ಎತ್ತಿದ್ದು ಎಷ್ಟೋ ಸಲ ಅಷ್ಟು ತೂಗುವುದಿಲ್ಲ.

ತಿಂದವರು ಯಾರು? ಮರಳಿನಡಿ ಆಮ್ಲಜನಕವಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಬಳಸಿ ಹೈಡ್ರೊಜನ್ ಸಲ್ಫೈಡ್ ಬಿಡುತ್ತವೆ. ಅದು ತಾಗಿದ ಬೆಳ್ಳಿ ಕಪ್ಪು ಸಲ್ಫೈಡ್ ಆಗುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಇದೇ ಬಗೆಯಲ್ಲಿ. ಇಲ್ಲಿ ಮಾತ್ರ ಶತಮಾನಗಳ ಕಾಲ, ಪದರ ಪದರವಾಗಿ. ರಾಶಿಯಲ್ಲಿ ಅಂಟಿಕೊಂಡ ನಾಣ್ಯಗಳಲ್ಲಿ ಹೊರಗಿನವು ಸವೆದು, ಒಳಗಿನವು ಉಳಿಯುತ್ತವೆ. ಕಬ್ಬಿಣಕ್ಕೆ ತಾಗಿದ್ದ ಬೆಳ್ಳಿಯೂ ಅಷ್ಟೇ: ಉಪ್ಪುನೀರಿನಲ್ಲಿ ಅವೆರಡೂ ಸೇರಿ ಒಂದು ಬ್ಯಾಟರಿಯಾಗಿ, ಕಬ್ಬಿಣ ಮೊದಲು ಕರಗಿ ಬೆಳ್ಳಿಯನ್ನು ಕಾಯುತ್ತದೆ.

ಎತ್ತಿದ ನಾಣ್ಯವನ್ನು ಉಜ್ಜಿ ತೊಳೆದರೆ ಅಕ್ಷರವೂ ಹೋದೀತು. ಅದಕ್ಕೇ ಅದನ್ನು ಕ್ಷಾರದ ದ್ರಾವಣದಲ್ಲಿ ಋಣ ಧ್ರುವಕ್ಕೆ ಜೋಡಿಸಿ ಸಣ್ಣಗೆ ವಿದ್ಯುತ್ ಹರಿಸುತ್ತಾರೆ. ಗಟ್ಟಿ ಪದರ ಸಡಿಲವಾಗುತ್ತದೆ, ಸಲ್ಫೈಡಿನಲ್ಲಿ ಸ್ವಲ್ಪ ಮರಳಿ ಬೆಳ್ಳಿಯಾಗುತ್ತದೆ. ಅತೋಚಾ ನಾಣ್ಯಗಳನ್ನು ಸವೆತ ನೋಡಿ ಒಂದರಿಂದ ನಾಲ್ಕರವರೆಗೆ ದರ್ಜೆಗಳಾಗಿ ವಿಂಗಡಿಸಿದರು. ಕೊಳ್ಳುವವರು ಆ ದರ್ಜೆಯ ಪ್ರಮಾಣಪತ್ರ ನಾಣ್ಯದ ಜೊತೆಗೇ ಇದೆಯೇ ಎಂದು ನೋಡಬೇಕು. ಅದಿಲ್ಲದೆ ಹಡಗಿನ ಹೆಸರು ಬರೀ ಬಾಯಿಮಾತು.

ನಮ್ಮ ಗೇರುಸೊಪ್ಪೆಯ ಹೆಸರು ಹೊತ್ತ ಹಡಗೂ ಈ ಸಾಲಿನಲ್ಲಿದೆ. ಕಲ್ಕತ್ತೆಯಿಂದ ಬ್ರಿಟನ್ನಿಗೆ ಬೆಳ್ಳಿ ಗಟ್ಟಿಗಳನ್ನು ಒಯ್ಯುತ್ತಿದ್ದ ಅದನ್ನು 1941ರ ಫೆಬ್ರುವರಿಯಲ್ಲಿ ಐರ್ಲೆಂಡಿನಾಚೆ ಜರ್ಮನಿಯ ಜಲಾಂತರ್ಗಾಮಿ ಮುಳುಗಿಸಿತು. 2012–13ರಲ್ಲಿ ಸುಮಾರು 4,700 ಮೀಟರ್ ಆಳದಿಂದ ನೂರು ಟನ್ನಿಗೂ ಹೆಚ್ಚು ಬೆಳ್ಳಿ ಮೇಲೆ ಬಂತು. ಅದರಲ್ಲಿ ಒಂದಿಷ್ಟನ್ನು ಬ್ರಿಟನ್ನಿನ ರಾಯಲ್ ಮಿಂಟ್ ಕರಗಿಸಿ, ಅಂಚಿನಲ್ಲಿ ಹಡಗಿನ ಹೆಸರು ಕೆತ್ತಿ ನಾಣ್ಯ ಮಾಡಿ ಮಾರಿತು. ಕಲೆಯಿಲ್ಲ, ಸವೆತವಿಲ್ಲ; ಅವು ಸಮುದ್ರದಿಂದ ಬಂದವೆಂದು ಹೇಳುವುದು ಆ ಅಂಚಿನ ಬರಹ ಮಾತ್ರ.